ಹದಿನಾರನೆಯ ಸರದಿ

ಮಾರ್ಚ್ ೩, ಸೋಮವಾರ

ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಅಭಿಪ್ರಾಯ ಬರೆಯಬಾರದಂತೆ. ಹೊತ್ತು, ರೇಡಿಯೊ ಸಂಖ್ಯೆ, ಫಲಿತಾಂಶ, ಸಹಿ, ಅಷ್ಟೇ. ಮೊನ್ನೆ ನಾನು "ಈ ಸೆಟ್ಟು ಬೆನ್ನಿಗೆ ಒತ್ತುತ್ತದೆ, ಎರಡು ತಾಸು ಹೊತ್ತರೆ ತಡೆಯುವುದಿಲ್ಲ" ಎಂದು ಬರೆದಿದ್ದೆ. ಅದರ ಮೇಲೆ ಯಾರೋ ಕೆಂಪು ಗೆರೆ ಎಳೆದಿದ್ದಾರೆ. ಮನೆಗೆ ಬರುವಾಗ ದಾರಿಯಲ್ಲಿ ಈ ನೋಟ್‌ಬುಕ್ ಕೊಂಡೆ. ಇದರಲ್ಲಿ ಏನು ಬೇಕಾದರೂ ಬರೆಯಬಹುದು. ಓದುವವರು ಯಾರೂ ಇಲ್ಲ.

ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದವಳಿಗೆ ಬರೆಯುವ ಚಟ ಸುಲಭಕ್ಕೆ ಬಿಡುವುದಿಲ್ಲ. ಯಾರು ಕರೆದರು, ಎಷ್ಟು ಹೊತ್ತಿಗೆ, ಏನೆಂದರು. ನಿವೃತ್ತಿಯಾದ ಮೇಲೆ ಹದಿನಾಲ್ಕು ತಿಂಗಳು ಅತ್ತೆಯ ಮನೆಯಲ್ಲಿ ಕೂತಿದ್ದೆ. ಅತ್ತೆ ಎಂದರೆ ಅಪ್ಪನ ತಂಗಿ. ಶಾಲೆಯ ಸಮವಸ್ತ್ರ ಹೊಲಿಯುತ್ತಾರೆ, ಹೊಲಿಯುತ್ತಲೇ ಮಾತಾಡುತ್ತಾರೆ. ನಾನು ಬಾಯಿ ಬಿಡುವ ಅಗತ್ಯ ಬೀಳುತ್ತಿರಲಿಲ್ಲ.

ಈಗ ಆರು ತಿಂಗಳ ಗುತ್ತಿಗೆಯ ಮೇಲೆ ಈ ಕಂಪನಿಯಲ್ಲಿ ಪರೀಕ್ಷಕಿ. ಅವರು ಸೈನ್ಯಕ್ಕೆಂದು ಹೊಸ ರೇಡಿಯೊ ಮಾಡುತ್ತಿದ್ದಾರೆ. ಅದನ್ನು ಹೊತ್ತು ನಡೆಯುವುದು, ಮಾತಾಡುವುದು, ಕೇಳಿಸಿತೋ ಇಲ್ಲವೋ ಬರೆಯುವುದು ನನ್ನ ಕೆಲಸ. ಅವರೆಲ್ಲ ಒಳ್ಳೆಯ ಜನ. ಅವರ ಪಾಡಿಗೆ ಅವರು, ನನ್ನ ಪಾಡಿಗೆ ನಾನು.

ಮಾರ್ಚ್ ೪, ಮಂಗಳವಾರ

ಇವತ್ತು ಗಡಿಯಾರ ನನಗೆ ಪಾಠ ಮಾಡಿದ.

ಅವನಿಗೆ ಗಡಿಯಾರ ಎಂಬ ಹೆಸರು ಇಟ್ಟದ್ದು ನಾನಲ್ಲ, ಇಡೀ ಲ್ಯಾಬು. ಮೂವತ್ತೈದರ ಆಸುಪಾಸು, ತೆಳ್ಳಗೆ, ಕೂದಲು ಬಾಚಿದ್ದು ಕಂಡದ್ದಿಲ್ಲ. ಎರಡು ಮಾತಿಗೊಮ್ಮೆ ಸೆಕೆಂಡಿನ ಸಾವಿರದ ಒಂದು ಪಾಲಿನ ಸುದ್ದಿ ಎತ್ತುತ್ತಾನೆ. ಊಟಕ್ಕೆ ಮಾತ್ರ ದಿನವೂ ಅರ್ಧ ಗಂಟೆ ತಡ.

ಅವನು ಹೇಳಿದ್ದು ಇಷ್ಟು. ಹಳೆಯ ಸೆಟ್ಟುಗಳಲ್ಲಿ ಒಂದೇ ದಾರಿ, ಯಾರು ಮೊದಲು ಗುಂಡಿ ಒತ್ತಿದರೆ ಅವರ ಮಾತು. ಇಬ್ಬರು ಒಟ್ಟಿಗೆ ಒತ್ತಿದರೆ ಇಬ್ಬರದೂ ಹಾಳು. ಹೊಸದರಲ್ಲಿ ಒಂದು ಸೆಕೆಂಡನ್ನು ಅರವತ್ತನಾಲ್ಕು ತುಂಡು ಮಾಡುತ್ತಾರೆ. ಒಂದೊಂದು ತುಂಡೂ ಒಂದು ಸರದಿ. ಪ್ರತಿ ರೇಡಿಯೊ ತನ್ನ ಸರದಿಯಲ್ಲಷ್ಟೇ ಕಳಿಸುತ್ತದೆ, ಉಳಿದ ಹೊತ್ತು ಕೇಳಿಸಿಕೊಳ್ಳುತ್ತದೆ. ಸರದಿ ಹಂಚುವುದಕ್ಕೆ ಗೋಪುರ ಇಲ್ಲ, ಮೇಲಧಿಕಾರಿ ಇಲ್ಲ. ರೇಡಿಯೊಗಳೇ ಅಕ್ಕಪಕ್ಕದವರ ಜೊತೆ ಮಾತಾಡಿಕೊಂಡು ಹಂಚಿಕೊಳ್ಳಬೇಕು. ಜನ ನಡೆಯುತ್ತಾರೆ, ಗಾಡಿ ಓಡುತ್ತದೆ, ಅಕ್ಕಪಕ್ಕ ಎನ್ನುವುದು ಗಳಿಗೆಗೊಮ್ಮೆ ಬದಲಾಗುತ್ತದೆ. ಅದಕ್ಕೆ ತಕ್ಕಂತೆ ಸರದಿಯೂ ಬದಲಾಗುತ್ತಿರಬೇಕು. ಆ ಲೆಕ್ಕ ಕಟ್ಟಿದವನು ಇವನು.

"ನಿಮಗೆ ಇದೆಲ್ಲ ಬೋರ್ ಹೊಡೀತಾ, ಆಪರೇಟರ್ ಮೇಡಂ?" ಎಂದು ಕೊನೆಗೆ ಕೇಳಿದ. ಇಲ್ಲವೆಂದೆ. ನಿಜಕ್ಕೂ ಇರಲಿಲ್ಲ. ಆದರೆ ಬೇರೇನು ಹೇಳಬೇಕೆಂದು ತೋಚಲಿಲ್ಲ. ಅವನು ಮುಖ ಸಪ್ಪಗೆ ಮಾಡಿಕೊಂಡು ಹೋದ.

ಮಾರ್ಚ್ ೭, ಶುಕ್ರವಾರ

ಮೊದಲ ದೊಡ್ಡ ಪರೀಕ್ಷೆ. ಎಂಟು ರೇಡಿಯೊಗಳನ್ನು ಕಬ್ಬಿಣದ ಬಾಗಿಲಿನ ಕೋಣೆಯಲ್ಲಿಟ್ಟರು. ಒಳಗಿನ ಸಿಗ್ನಲ್ ಹೊರಗೆ ಬಾರದ, ಹೊರಗಿನದು ಒಳಗೆ ಹೋಗದ ಕೋಣೆ ಅದು. ಇನ್ನೆಂಟು ಹೊರಗೆ. ಎರಡು ಗುಂಪೂ ತಮ್ಮ ತಮ್ಮೊಳಗೆ ಸರದಿ ಹಂಚಿಕೊಂಡು ಹಾಯಾಗಿ ಮಾತಾಡುತ್ತಿದ್ದವು. ಆಮೇಲೆ ಬಾಗಿಲು ತೆರೆದರು.

ಎರಡೂ ಗುಂಪಿನವರ ಸರದಿಗಳು ಒಂದರ ಮೇಲೊಂದು ಬಿದ್ದವು. ಹಾಗಾದಾಗ ಎಲ್ಲರೂ ಸರದಿ ಬಿಟ್ಟುಕೊಟ್ಟು ಮೊದಲಿನಿಂದ ಹಂಚಿಕೊಳ್ಳಬೇಕು, ಅದು ಗಡಿಯಾರನ ಕ್ರಮ. ಹಂಚಿಕೊಂಡವು. ಕಿವಿಯಲ್ಲಿ ಪೂರ್ತಿ ಮೌನ, ಆಮೇಲೆ ಒಂದೊಂದಾಗಿ ದನಿಗಳು. ಒಂಬತ್ತು ಸೆಕೆಂಡು.

ಎಲ್ಲರೂ ಚಪ್ಪಾಳೆ ತಟ್ಟಿದರು. ಹೋದ ವರ್ಷ ಇಪ್ಪತ್ತಾರು ಸೆಕೆಂಡು ಆಗುತ್ತಿತ್ತಂತೆ. ನಾನು ಪುಸ್ತಕದಲ್ಲಿ ಒಂಬತ್ತು ಎಂದು ಬರೆದು ಸಹಿ ಹಾಕಿ, ಊಟದ ಡಬ್ಬಿ ಹಿಡಿದು ಪರೀಕ್ಷೆಯ ವ್ಯಾನಿಗೆ ಹೋದೆ. ಅಲ್ಲೇ ದಿನವೂ ಉಣ್ಣುವುದು. ಬಾಗಿಲು ಎಳೆದುಕೊಂಡರೆ ಸದ್ದಿಲ್ಲ.

ಇವತ್ತು ಡಬ್ಬಿ ತೆರೆಯಲೇ ಇಲ್ಲ. ಹಾಗೇ ವಾಪಸು ತಂದದ್ದಕ್ಕೆ ಅತ್ತೆಯಿಂದ ಬೈಸಿಕೊಂಡೆ.

ಮಾರ್ಚ್ ೧೨, ಬುಧವಾರ

ಅತ್ತೆ ಸಂಜೆ ತಮ್ಮ ಅಕ್ಕನ ಜೊತೆ ಫೋನಿನಲ್ಲಿ ಮಾತಾಡಿದರು. ಸ್ಪೀಕರ್ ಹಾಕಿ, ಮೆಷಿನ್ ತುಳಿಯುತ್ತ. ಇಬ್ಬರೂ ಏಕಕಾಲಕ್ಕೆ ಮಾತಾಡುತ್ತಾರೆ. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರಿಗೆ ಲೈನು ಕಟ್ಟಾಯಿತೇನೋ ಎಂದು ಗಾಬರಿ. ನಲವತ್ತು ನಿಮಿಷ ಹೀಗೆ ನಡೆಯಿತು. ಕೊನೆಗೆ ಕೇಳಿದರೆ ಅತ್ತೆಗೆ ಎಲ್ಲ ಗೊತ್ತು. ಆ ಮನೆಯಲ್ಲಿ ಯಾರಿಗೆ ಹಲ್ಲುನೋವು, ಯಾರ ಮಗಳು ಎಷ್ಟು ಅಂಕ ತೆಗೆದಳು, ಎಲ್ಲ. ಗಡಿಯಾರನಿಗೆ ಹೇಳಿದರೆ ನಂಬಲಿಕ್ಕಿಲ್ಲ.

ಮಾರ್ಚ್ ೧೩, ಗುರುವಾರ

ಇವತ್ತು ನನ್ನಿಂದ ತಡೆಯಲಾಗಲಿಲ್ಲ. ಅವನು ಕಾಫಿ ಯಂತ್ರದ ಹತ್ತಿರ ಒಬ್ಬನೇ ಇದ್ದ. ಹೋಗಿ, ಒಂಬತ್ತು ಸೆಕೆಂಡು ಜಾಸ್ತಿ ಆಯಿತು ಎಂದೆ.

ಸಿಟ್ಟು ಮಾಡಿಕೊಂಡಾನು ಅಂದುಕೊಂಡಿದ್ದೆ. ಅವನು ಲೋಟ ಕೆಳಗಿಟ್ಟು, "ಎಷ್ಟಿದ್ರೆ ಸಾಕು ಹೇಳಿ. ಅಷ್ಟಕ್ಕೆ ಇಳಿಸೋಕೆ ಆಗುತ್ತಾ ನೋಡೋಣ," ಎಂದ.

ಕೈಗಡಿಯಾರ ನೋಡಿಕೊಂಡು ಒಂಬತ್ತು ಸೆಕೆಂಡು ಸುಮ್ಮನೆ ನಿಂತುಕೊಳ್ಳಿ ಎಂದೆ. ಅವನ ಕೈಯಲ್ಲಿ ಗಡಿಯಾರ ಇರಲಿಲ್ಲ. ನನ್ನದನ್ನು ಬಿಚ್ಚಿ ಕೊಟ್ಟೆ. ನಿಂತುಕೊಂಡ. ಆರಕ್ಕೆ ಕಾಲು ಬದಲಿಸಿದ. ಒಂಬತ್ತಾದ ಮೇಲೆ ಕೈಗಡಿಯಾರ ಹಿಂದಕ್ಕೆ ಕೊಟ್ಟ.

ಮಾರ್ಚ್ ೧೯, ಬುಧವಾರ

ನಡೆಯುವ ಪರೀಕ್ಷೆ. ಕಟ್ಟಡದ ಆರು ಅಂತಸ್ತು ಹತ್ತಿ ಇಳಿದು, ಹಿಂದಿನ ಬೀದಿ ಸುತ್ತಿ, ಮತ್ತೆ ಹತ್ತುವುದು. ಒಂದು ಸೆಟ್ಟು ಗಡಿಯಾರನೇ ಹೊತ್ತ. ತನ್ನ ರೇಡಿಯೊವನ್ನು ಇದುವರೆಗೆ ಅವನು ಬೆನ್ನಿಗೆ ಹಾಕಿಕೊಂಡೇ ಇರಲಿಲ್ಲವಂತೆ. ನಾಲ್ಕನೇ ಅಂತಸ್ತಿನಲ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಭುಜದ ಮೇಲೆ ಪಟ್ಟಿ ಕೆಂಪಗೆ ಕೊರೆದಿತ್ತು.

ಕೂತಲ್ಲೇ ಕೇಳಿದ. ಈ ಸರದಿ ಗಿರದಿ ಇಲ್ಲದ ಕಾಲದಲ್ಲಿ, ಒಂದೇ ದಾರಿಯಲ್ಲಿ ಮೂವತ್ತು ಜನ ಹೇಗೆ ಸುಧಾರಿಸುತ್ತಿದ್ದಿರಿ?

ಅದಕ್ಕೇನು ವಿದ್ಯೆ ಬೇಕಿಲ್ಲ ಎಂದೆ. ನನ್ನ ಮಾತು ಮುಗಿದ ಕೂಡಲೇ ಇನ್ನೊಬ್ಬರು ಶುರು ಮಾಡಬಾರದು. ಒಂದು ಉಸಿರಿನಷ್ಟು ಹೊತ್ತು ಎಲ್ಲರೂ ಸುಮ್ಮನಿರಬೇಕು. ಆ ಉಸಿರು ಯಾರ ಸ್ವತ್ತೂ ಅಲ್ಲ. ತುರ್ತು ಇದ್ದವರು, ಹೊಸದಾಗಿ ಬಂದು ಸೇರಿದವರು, ಅದರಲ್ಲಿ ನುಗ್ಗಬಹುದು. ಎರಡು ದಳ ಒಂದಾದಾಗ ಎಲ್ಲರೂ ಬಾಯಿ ಮುಚ್ಚುವುದೂ ಇಲ್ಲ. ಯಾರ ಮಾತಿಗೆ ಯಾರ ಮಾತು ಅಡ್ಡ ಬಂತೋ ಅವರಿಬ್ಬರೇ ಬಗೆಹರಿಸಿಕೊಳ್ಳಬೇಕು. ಕೇಳುವವರು ಕಮ್ಮಿ ಇರುವವನು ಪಕ್ಕಕ್ಕೆ ಸರಿಯಬೇಕು. ಎಲ್ಲರೂ ಆ ಶಿಸ್ತು ಪಾಲಿಸಿದರೆ ಸರಾಗ. ಗಾಬರಿಯಾದರೆ ಯಾರೂ ಪಾಲಿಸುವುದಿಲ್ಲ, ಆಗ ಗದ್ದಲ.

ಅವನು ಸೆಟ್ಟನ್ನು ಬೆನ್ನಿನಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡ. ಆಮೇಲೆ, "ಪೆಟ್ಟಿಗೆಗೆ ಗಾಬರಿ ಆಗಲ್ಲ," ಎಂದ.

ಇಷ್ಟುದ್ದ ನಾನು ಯಾವಾಗ ಮಾತಾಡಿದ್ದೆನೋ. ಗಂಟಲು ಒಣಗಿತ್ತು.

ಮಾರ್ಚ್ ೨೦, ಗುರುವಾರ

ಬೆಳಿಗ್ಗೆ ಗಡಿಯಾರ ನನ್ನ ಮೇಜಿನ ಹತ್ತಿರ ಬಂದು ನಿಂತ. ಮೊದಲ ವಿನ್ಯಾಸದಲ್ಲಿ ನಾನು ಹೇಳಿದ ಉಸಿರಿನಂಥದೇ ಒಂದು ಖಾಲಿ ಸರದಿ ಇತ್ತಂತೆ. ಪ್ರತಿ ಹದಿನಾರನೆಯದು ಖಾಲಿ, ಸೆಕೆಂಡಿಗೆ ನಾಲ್ಕು. ಹೋದ ಅಕ್ಟೋಬರಿನಲ್ಲಿ ತೆಗೆದುಹಾಕಿದರು. ಕೊಳ್ಳುವವರು ಐದು ಕಡೆಯ ವಿಡಿಯೊ ಚಿತ್ರ ಒಟ್ಟಿಗೆ ಕಾಣಬೇಕು ಎಂದು ಷರತ್ತು ಹಾಕಿದ್ದಾರೆ, ಅದಕ್ಕೆ ಜಾಗ ಸಾಲಲಿಲ್ಲ. ತೆಗೆದದ್ದು ನಾನೇ, ಆಗ ಖುಷಿಯಾಗಿತ್ತು, ಎಂದ. ಪೋಲಾಗುತ್ತಿದ್ದದ್ದನ್ನು ಉಳಿಸಿದೆ ಅಂತ.

ಅವನ ಭುಜದ ವಿಷಯ ಅತ್ತೆಗೆ ಹೇಳಿದ್ದೆ. ಸಂಜೆ ಅಳತೆಯನ್ನೂ ಕೇಳದೆ ಎರಡು ಮೆತ್ತೆ ಹೊಲಿದಿಟ್ಟಿದ್ದಾರೆ, ನೀಲಿ ಸಮವಸ್ತ್ರದ ಬಟ್ಟೆಯಲ್ಲಿ. ಒಂದು ಅವನಿಗೆ, ಒಂದು ನನಗೆ.

ಮಾರ್ಚ್ ೨೪, ಸೋಮವಾರ

ಖಾಲಿ ಸರದಿ ಮತ್ತೆ ಇಡಲು ಆಗುವುದಿಲ್ಲವಂತೆ. ದೊಡ್ಡ ಮೇಡಂ, ಅಂದರೆ ಲ್ಯಾಬಿನ ಮುಖ್ಯಸ್ಥೆ, ಐದೇ ನಿಮಿಷದಲ್ಲಿ ಮಾತು ಮುಗಿಸಿದರು. ಐದು ಚಿತ್ರ ಅಂದರೆ ಐದು ಚಿತ್ರ. ಕೊಳ್ಳುವವರ ಸಮಿತಿ ರೇಡಿಯೊ ನೋಡಲು ಬರುವುದು ಏಪ್ರಿಲ್ ಹದಿನೈದಕ್ಕೆ. ಈಗ ಲೆಕ್ಕ ಬದಲಿಸುವುದು ಹುಚ್ಚಾಟ.

ಗಡಿಯಾರ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಗುತ್ತಿಗೆಯವಳು ನಾನು, ನನಗೇನು ಬಂತು.

ಮಾರ್ಚ್ ೨೮, ಶುಕ್ರವಾರ

ಅವನು ಸುಮ್ಮನಿದ್ದದ್ದು ಒಪ್ಪಿಕೊಂಡು ಅಲ್ಲ. ನಾಲ್ಕು ದಿನ ಕಂಪ್ಯೂಟರಿನಲ್ಲಿ ಎರಡು ದಳಗಳನ್ನು ಸಾವಿರ ಸಲ ಸೇರಿಸಿದ್ದಾನೆ, ಖಾಲಿ ಸರದಿ ಇಟ್ಟು ಒಮ್ಮೆ, ಇಡದೆ ಒಮ್ಮೆ. ಇಡದಿದ್ದರೆ ಒಂಬತ್ತು ಸೆಕೆಂಡು, ಒಮ್ಮೊಮ್ಮೆ ಹದಿನಾಲ್ಕು. ಇಟ್ಟರೆ ತುರ್ತಿನ ಕರೆ ಒಂದು ಸೆಕೆಂಡಿನೊಳಗೆ ದಾಟುತ್ತದೆ, ಸಾವಿರದಲ್ಲಿ ಒಂಬೈನೂರ ತೊಂಬತ್ತೊಂದು ಸಲ. ಐದನೇ ಚಿತ್ರ ಮಾತ್ರ ನಿಂತು ನಿಂತು ಓಡುತ್ತದೆ.

ಕಾಗದದ ಕಂತೆ ನನ್ನ ಕೈಗೆ ಕೊಟ್ಟು, ಮೇಡಂ ಹತ್ತಿರ ನೀವೂ ಬನ್ನಿ ಎಂದ. ಹೋದೆವು. ಮೇಡಂ ಕನ್ನಡಕ ಏರಿಸಿ ಪುಟ ಪುಟ ನೋಡಿದರು. ಅವರು ಕೆಟ್ಟವರಲ್ಲ. ಈ ರೇಡಿಯೊಗೆ ಹನ್ನೊಂದು ವರ್ಷ ತೇದಿದ್ದಾರೆ.

"ಲೆಕ್ಕ ಸರಿಯಾಗೇ ಇದೆ," ಎಂದರು. "ಆದ್ರೆ ಐದು ಕೇಳಿದವರ ಮುಂದೆ ನಾಲ್ಕು ತೋರಿಸಿ ಉತ್ತರ ಕೊಡೋರು ಯಾರು?"

"ನಾನು ಕೊಡ್ತೀನಿ," ಎಂದೆ.

ಯಾಕೆ ಹಾಗೆ ಹೇಳಿದೆನೋ. ಹೇಳುವ ಇರಾದೆ ಇರಲಿಲ್ಲ. ಮೇಡಂ ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಏಪ್ರಿಲ್ ಹತ್ತರವರೆಗೆ ಸಮಯ ಕೊಟ್ಟಿದ್ದಾರೆ. ಅಷ್ಟರೊಳಗೆ ಬಯಲಿನಲ್ಲಿ ಮಾಡಿ ತೋರಿಸದಿದ್ದರೆ ಹಳೆಯದೇ.

ಮಾರ್ಚ್ ೩೧, ಸೋಮವಾರ

ಕಲ್ಲುಗಣಿ. ಬಿಸಿಲು. ಧೂಳು. ಖಾಲಿ ಸರದಿ ಕೆಲಸ ಮಾಡಲಿಲ್ಲ.

ಏಪ್ರಿಲ್ ೧, ಮಂಗಳವಾರ

ಮಾಡಲಿಲ್ಲ.

ಏಪ್ರಿಲ್ ೨, ಬುಧವಾರ

ಮೂರು ದಿನವಾಯಿತು. ಊರಾಚೆಯ ಪಾಳು ಕಲ್ಲುಗಣಿಯಲ್ಲಿ ಮೂವತ್ತೆರಡು ರೇಡಿಯೊ, ಎಂಟು ಗಾಡಿ. ನಡುವೆ ಕಲ್ಲಿನ ದಿಬ್ಬ. ಆ ಕಡೆಯಿಂದ ಹದಿನಾರು, ಈ ಕಡೆಯಿಂದ ಹದಿನಾರು ಬಂದು ಸೇರಬೇಕು. ಕಂಪ್ಯೂಟರಿನಲ್ಲಿ ಬೆಣ್ಣೆಯಂತೆ ನಡೆದದ್ದು ಇಲ್ಲಿ ನಡೆಯುತ್ತಿಲ್ಲ. ಖಾಲಿ ಸರದಿ ಖಾಲಿ ಇರುವುದೇ ಇಲ್ಲ. ಎಲ್ಲ ರೇಡಿಯೊಗಳೂ ಅದಕ್ಕೇ ನುಗ್ಗುತ್ತವೆ. ಬಸ್ಸಿನ ಒಂದೇ ಖಾಲಿ ಸೀಟಿಗೆ ಇಡೀ ನಿಲ್ದಾಣ ಮುಗಿಬಿದ್ದ ಹಾಗೆ.

ಮಧ್ಯಾಹ್ನ ನೆರಳಿಗೆಂದು ವ್ಯಾನಿನಲ್ಲಿ ಕೂತಿದ್ದೆವು. ಗಡಿಯಾರ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು, ಯಾವ ಪೆಟ್ಟಿಗೆ ಎಷ್ಟು ಹೊತ್ತಿಗೆ ನುಗ್ಗಿತು ಎಂಬ ಪಟ್ಟಿ ಓದಿದ. ನಾನು ನನ್ನ ಪುಸ್ತಕ ತೆಗೆದು, ಆ ಹೊತ್ತಿಗೆ ಯಾವ ಗಾಡಿ ಎಲ್ಲಿತ್ತು ಎಂದು ಓದಿದೆ. ಏಳನೇ ಸಂಖ್ಯೆ, ಹತ್ತು ಹದಿನೆಂಟು, ದಿಬ್ಬದ ಹಿಂದೆ. ಹನ್ನೆರಡನೇ ಸಂಖ್ಯೆ, ಹತ್ತು ಇಪ್ಪತ್ತು, ದಿಬ್ಬದ ಹಿಂದೆ. ಐದಾರು ಓದುವಷ್ಟರಲ್ಲಿ ಇಬ್ಬರೂ ನಿಲ್ಲಿಸಿದೆವು.

ದಿಬ್ಬದ ಹಿಂದೆ ಹೋದ ಗಾಡಿ ಎರಡು ಸೆಕೆಂಡು ಯಾರಿಗೂ ಕೇಳಿಸುವುದಿಲ್ಲ. ಹೋದವನು ಹೋದ ಎಂದು ಉಳಿದವರು ಅವನ ಸರದಿಯನ್ನು ಹಂಚಿಕೊಂಡುಬಿಡುತ್ತಾರೆ. ಅವನು ಈಚೆ ಬಂದಾಗ ಸರದಿ ಇಲ್ಲ, ಹೊಸಬನಂತೆ ಖಾಲಿ ಜಾಗಕ್ಕೆ ನುಗ್ಗುತ್ತಾನೆ.

ನಾನು ಹೇಳಿದೆ, ಹಿತ್ತಲಿಗೆ ಹೋದವನ ತಟ್ಟೆ ಎತ್ತಿಡುತ್ತೀರೇನು, ನಾಲ್ಕು ಸೆಕೆಂಡು ಅವನ ಜಾಗ ಹಾಗೇ ಇರಲಿ. ಅವನು ನಕ್ಕು ನಕ್ಕು ಲ್ಯಾಪ್‌ಟಾಪು ಬೀಳಿಸುವುದರಲ್ಲಿದ್ದ. ಆಮೇಲೆ ಅದನ್ನೇ ಲೆಕ್ಕದೊಳಗೆ ಬರೆದ.

ನನ್ನ ಡಬ್ಬಿಯಲ್ಲಿದ್ದದ್ದನ್ನು ಅವನು ತಿಂದ, ಅವನದನ್ನು ನಾನು. ಅವನ ಅಮ್ಮ ಉಪ್ಪು ಹಾಕುವುದನ್ನು ಮರೆಯುತ್ತಾರೆ ಅಂತ ಕಾಣುತ್ತದೆ.

ಏಪ್ರಿಲ್ ೯, ಬುಧವಾರ

ತುರ್ತಿನ ಕರೆ ದಾಟಿತು. ಇಪ್ಪತ್ತು ಸಲ ದಳ ಸೇರಿಸಿದೆವು, ಇಪ್ಪತ್ತು ಸಲವೂ ದಾಟಿತು. ಅತಿ ನಿಧಾನದ್ದು ಮುಕ್ಕಾಲು ಸೆಕೆಂಡು.

ಮೇಡಂ ತಾವೇ ಬಂದಿದ್ದರು. ಬಿಸಿಲಿಗೆ ತಲೆಯ ಮೇಲೆ ಕಡತ ಹಿಡಿದುಕೊಂಡು ದಿಬ್ಬದ ಮೇಲೆ ನಿಂತು ಹೆಡ್‌ಫೋನಿನಲ್ಲಿ ಕೇಳಿದರು. ಇಪ್ಪತ್ತನೆಯದಾದ ಮೇಲೆ ಇನ್ನೊಂದು ಸಲ ಮಾಡಿ ಎಂದರು. ಅನುಮಾನಕ್ಕಲ್ಲ, ಕೇಳುವುದಕ್ಕೆ ಹಿತವಾಗಿತ್ತಂತೆ.

ಬರುವಾಗ ವ್ಯಾನಿನಲ್ಲಿ ಎಲ್ಲರೂ ಮಾತಾಡುತ್ತಿದ್ದೆವು. ಚಾಲಕ ಎರಡು ಸಲ ದಾರಿ ತಪ್ಪಿದ.

ಏಪ್ರಿಲ್ ೧೫, ಮಂಗಳವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಸಮಿತಿಯವರು ಮೂವರು. ಇಬ್ಬರು ಸಾಮಾನ್ಯ ಉಡುಪಿನವರು, ಒಬ್ಬರು ಹಿರಿಯ ಅಧಿಕಾರಿ, ನರೆತ ಮೀಸೆ, ಮಾತು ಕಡಿಮೆ. ಕಲ್ಲುಗಣಿಯಲ್ಲಿ ಶಾಮಿಯಾನ ಹಾಕಿ, ಐದು ಪರದೆ ಇಟ್ಟಿದ್ದೆವು. ದಳಗಳು ಸೇರಿದವು, ದನಿ ಒಮ್ಮೆಯೂ ಕಡಿಯಲಿಲ್ಲ. ನಾಲ್ಕು ಚಿತ್ರ ನೀರಿನಂತೆ ಓಡಿದವು. ಐದನೆಯದು ನಮಗೆ ಗೊತ್ತಿದ್ದಂತೆಯೇ ಮುಗ್ಗರಿಸಿತು. ಗಾಡಿಯೊಂದು ಅರ್ಧ ತಿರುಗಿ ನಿಂತೇಬಿಟ್ಟಿತ್ತು ಪರದೆಯ ಮೇಲೆ.

ಸಾಮಾನ್ಯ ಉಡುಪಿನವರಲ್ಲಿ ಒಬ್ಬರು ಷರತ್ತಿನ ಕಾಗದ ತೆಗೆದು ಓದಿದರು. ಗಡಿಯಾರ ತನ್ನ ಸಾವಿರ ಸಲದ ಲೆಕ್ಕ ವಿವರಿಸಿದ. ಲೆಕ್ಕ ಇರಲಿ, ಪ್ರತಿ ಹದಿನಾರನೇ ಸರದಿಯನ್ನು ಸುಮ್ಮನೆ ಯಾಕೆ ಖಾಲಿ ಬಿಟ್ಟಿದ್ದೀರಿ, ಯುದ್ಧದಲ್ಲಿ ಒಂಬತ್ತು ಸೆಕೆಂಡಿಗೆ ಏನಾಗಿಬಿಡುತ್ತದೆ ಎಂದು ಅವರು ಕೇಳಿದರು. ಮೇಡಂ ನನ್ನ ಕಡೆ ತಿರುಗಿದರು.

ನಾನು ಎದ್ದು ನಿಂತೆ. ಬರೆದು ಬಾಯಿಪಾಠ ಮಾಡಿಕೊಂಡದ್ದೆಲ್ಲ ಮರೆತುಹೋಯಿತು. ಬದಲಿಗೆ ಒಂಬತ್ತು ವರ್ಷದಿಂದ ಯಾರಿಗೂ ಹೇಳದೆ ಇದ್ದದ್ದನ್ನು ಹೇಳಿದೆ.

ಅದು ಯುದ್ಧವೂ ಅಲ್ಲ, ಅಭ್ಯಾಸ. ಎರಡು ದಳ ಕಣಿವೆಯಲ್ಲಿ ಸೇರಬೇಕಿತ್ತು. ಮಂಜು ಮುಸುಕಿತ್ತು. ನಮ್ಮ ಲಾರಿಯೊಂದು ದಾರಿಯಿಂದ ಜಾರಿ ಮಗುಚಿತು. ಚಾಲಕ ಕ್ಯಾಬಿನ್ನಿನಲ್ಲಿ ಸಿಕ್ಕಿಕೊಂಡ. ಅವನು ಇಡೀ ದಳಕ್ಕೆ ಮಾವ. ಎಲ್ಲರ ಊಟ, ಎಲ್ಲರ ರಜೆ, ಎಲ್ಲರ ಮದುವೆ ಅವನಿಗೇ ಚಿಂತೆ, ಹಾಗಾಗಿ ಎಲ್ಲರೂ ಮಾವ ಎನ್ನುತ್ತಿದ್ದೆವು. ತಗ್ಗಿನಿಂದ ಕರೆ ದೂರ ಹೋಗುತ್ತಿರಲಿಲ್ಲವಾದ್ದರಿಂದ ನಾನು ಸೆಟ್ಟು ಹೊತ್ತು ಪಕ್ಕದ ದಿಣ್ಣೆ ಹತ್ತಿ ಆಂಬುಲೆನ್ಸಿಗೆ ಕರೆದೆ. ಆ ಹೊತ್ತಿಗೆ ಸರಿಯಾಗಿ ಎದುರು ದಳ ಬಂದು ಸೇರಿತು. ರೇಡಿಯೊದಲ್ಲಿ ಅವರದೂ ಅದೇ ದಾರಿ, ನಮ್ಮದೂ ಅದೇ ದಾರಿ. ನೀವೆಲ್ಲಿದ್ದೀರಿ, ನಾವಿಲ್ಲಿದ್ದೇವೆ ಎಂದು ಅರವತ್ತು ಜನ ಒಟ್ಟಿಗೆ ಮಾತಾಡುತ್ತಿದ್ದರು. ಒಂದು ಉಸಿರಿನಷ್ಟು ಬಿಡುವು ಇರಲಿಲ್ಲ. ನಾನು ನಲವತ್ತೊಂದು ಸಲ ಕರೆದೆ. ಒಂದೂ ದಾಟಲಿಲ್ಲ. ಕೊನೆಗೆ ಒಬ್ಬ ಸಿಪಾಯಿ ಓಡಿಹೋಗಿ ಕರೆತಂದ. ಅಷ್ಟರಲ್ಲಿ ಒಂದೂವರೆ ತಾಸು ಆಗಿತ್ತು. ಮಾವನ ಕಾಲು ಉಳಿಯಲಿಲ್ಲ.

ವಿಚಾರಣೆಯಲ್ಲಿ ಸಂಪರ್ಕ ವಿಳಂಬ ಎಂದು ಬರೆದರು. ನನ್ನ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ಆಸ್ಪತ್ರೆಗೆ ಹೋಗಿ ಅವನ ಮುಖ ನೋಡುವುದು ನನ್ನಿಂದಾಗಲಿಲ್ಲ, ಆಮೇಲೂ ಆಗಲಿಲ್ಲ.

"ಒಂಬತ್ತು ಸೆಕೆಂಡಿಗೆ ಏನೂ ಆಗಲ್ಲ ಅನ್ನೋದು ಕೂತ್ಕೊಂಡು ಎಣಿಸೋರಿಗೆ," ಎಂದೆ. "ಗುಂಡಿ ಒತ್ಕೊಂಡು ನಿಂತೋರಿಗೆ ಅದು ಯಾವಾಗ ಮುಗಿಯುತ್ತೆ ಅಂತಲೇ ಗೊತ್ತಿರಲ್ಲ. ಆ ಹದಿನಾರನೇದು ಅವರಿಗೋಸ್ಕರ ಇಟ್ಟಿದ್ದು."

ಕೂತುಕೊಂಡೆ. ಶಾಮಿಯಾನದ ಹಗ್ಗ ಗಾಳಿಗೆ ಕಿರುಗುಟ್ಟುತ್ತಿತ್ತು. ಹಿರಿಯ ಅಧಿಕಾರಿ ಅಷ್ಟು ಹೊತ್ತೂ ಐದನೇ ಪರದೆಯನ್ನೇ ನೋಡುತ್ತಿದ್ದರು. ಈಗ ನನ್ನ ಕಡೆ ತಿರುಗಿ, ಅದು ಯಾವ ತಿಂಗಳು, ಯಾವ ಕಣಿವೆ ಎಂದು ಕೇಳಿದರು. ಹೇಳಿದೆ.

"ಎದುರಿಂದ ಬಂದ ದಳ ನನ್ನದು," ಎಂದರು. "ಆ ಗದ್ದಲದಲ್ಲಿ ನನ್ನ ದನೀನೂ ಇತ್ತು."

ಅವರು ಪಕ್ಕದವರ ಕೈಯಿಂದ ಷರತ್ತಿನ ಕಾಗದ ತೆಗೆದುಕೊಂಡು ಮಡಿಚಿ ಜೇಬಿಗಿಟ್ಟರು. ಐದನೇ ಚಿತ್ರ ಯಾರಿಗೆ ಬೇಕಾಗಿತ್ತೋ ನಾವು ವಿಚಾರಿಸಿಕೊಳ್ಳುತ್ತೇವೆ, ನಾಲ್ಕರ ಮೇಲೆಯೇ ವರದಿ ಬರೆಯಿರಿ ಎಂದರು. ಚಹಾ ಕುಡಿಯದೆ ಹೊರಟರು. ಗಾಡಿ ಹತ್ತುವ ಮುಂಚೆ ವಾಪಸು ನಡೆದು ಬಂದು, ಆಗಿನಿಂದಲೂ ಅವನನ್ನು ವಿಚಾರಿಸಿಕೊಳ್ಳುತ್ತ ಬಂದಿದ್ದೇನೆ, ನಿಮ್ಮ ಮಾವ ಈಗ ಗಾಡಿ ಕಲಿಸುವ ಶಾಲೆ ನಡೆಸುತ್ತಿದ್ದಾನೆ ಎಂದು ಹೇಳಿ, ಚೀಟಿಯಲ್ಲಿ ಒಂದು ನಂಬರು ಬರೆದುಕೊಟ್ಟರು.

ಗಡಿಯಾರ ನನ್ನ ಪಕ್ಕದಲ್ಲಿ ನಿಂತಿದ್ದ. "ಅಕ್ಕಾ, ಕಾಲು ಗಂಟೆ ಕೂತ್ಕೊಳ್ಳಿ, ವೈರೆಲ್ಲ ನಾವು ಸುತ್ತಿಡ್ತೀವಿ," ಎಂದ. ಕೂರಲಿಲ್ಲ. ಅವನಿಗೆ ವೈರು ಸುತ್ತಲು ಬರುವುದಿಲ್ಲ, ಗಂಟು ಹಾಕುತ್ತಾನೆ.

ಏಪ್ರಿಲ್ ೧೬, ಬುಧವಾರ

ರಜೆ ಕೊಟ್ಟಿದ್ದಾರೆ. ಹತ್ತು ಗಂಟೆಯವರೆಗೆ ಮಲಗಿದ್ದೆ. ಅತ್ತೆ ಮೆಷಿನ್ ತುಳಿಯದೆ ಕೈಹೊಲಿಗೆ ಹಾಕುತ್ತಿದ್ದರು, ನನಗೆ ಎಚ್ಚರವಾಗಬಾರದೆಂದು.

ಏಪ್ರಿಲ್ ೨೦, ಭಾನುವಾರ

ಫೋನು ಮಾಡಲಿಲ್ಲ. ಎರಡು ಸಲ ನಂಬರು ಒತ್ತಿ ಅಳಿಸಿದೆ.

ಬೇರೆ ಸುದ್ದಿ ಎಲ್ಲ ಒಳ್ಳೆಯದು. ವರದಿ ಬಂತು, ನಮ್ಮ ರೇಡಿಯೊ ಪಾಸು. ಮೇಡಂ ನನ್ನನ್ನು ಕರೆದು ಗುತ್ತಿಗೆ ಮುಗಿದ ಮೇಲೂ ಇರುತ್ತೀರಾ ಎಂದು ಕೇಳಿದರು. ಬಳಸುವವರಿಗೆ ಕೈಪಿಡಿ ಬರೆಯಬೇಕು, ಅದು ನಮ್ಮಲ್ಲಿ ಯಾರಿಗೂ ಬರುವುದಿಲ್ಲ ಎಂದರು. ಹೂಂ ಎಂದು ಸಹಿ ಹಾಕಿದೆ. ಹಿಂದಕ್ಕೆ ಬಂದಮೇಲೆ ಯಾವ ಕಾಗದಕ್ಕೆ ಸಹಿ ಹಾಕಿದೆ ಎಂದು ಓದಿದ್ದು.

ಊಟದ ಹೊತ್ತಿನಲ್ಲಿ ಕೈಪಿಡಿಯ ಮೊದಲ ಪುಟದ ಬಗ್ಗೆ ನನಗೂ ಗಡಿಯಾರನಿಗೂ ಮೊನ್ನೆ ಜಗಳವಾಯಿತು. ಅವನು ಬರೆದ ಮೊದಲ ವಾಕ್ಯ ಹನ್ನೊಂದು ಸಾಲಿನದು. ಅರ್ಧ ಲ್ಯಾಬು ಅವನ ಕಡೆ, ಅರ್ಧ ನನ್ನ ಕಡೆ.

ಇವತ್ತು ಅತ್ತೆಗೆ ಕಣಿವೆಯ ವಿಷಯ ಹೇಳಿದೆ. ಅವರು ದಾರ ಕಚ್ಚಿ ಕಡಿದು, ಪೂರ್ತಿ ಕೇಳಿದರು, ನಡುವೆ ಒಂದು ಮಾತೂ ಆಡಲಿಲ್ಲ. ಕೊನೆಗೆ ಕೇಳಿದ್ದು ಒಂದೇ: "ಅವನು ಬದುಕಿದಾನೆ ತಾನೇ? ಮತ್ತೆ ನೀನ್ಯಾಕೆ ಸತ್ತವನ ಸುದ್ದಿ ಹೇಳೋ ಹಾಗೆ ಹೇಳ್ತೀಯಾ?"

ಏಪ್ರಿಲ್ ೨೭, ಭಾನುವಾರ

ಮಧ್ಯಾಹ್ನ ಮಾಡಿದೆ. ಹಿತ್ತಲ ಕಟ್ಟೆಯ ಮೇಲೆ ಕೂತು.

ಮೂರು ಸಲ ರಿಂಗಾದ ಮೇಲೆ ಎತ್ತಿದ. ಹಿಂದೆ ಯಾರೋ ಗಾಡಿಯ ಗೇರನ್ನು ಗರಗರ ಎನಿಸುತ್ತಿದ್ದರು, ಕ್ಲಚ್ಚು ಪೂರ್ತಿ ಒತ್ತಪ್ಪಾ ಎಂದು ಅವರಿಗೆ ಕೂಗಿ ಹೇಳಿ, ಆಮೇಲೆ ಯಾರು ಎಂದು ಕೇಳಿದ. ಹೆಸರು ಹೇಳಿದೆ. ಏನಮ್ಮಾ, ಮದುವೆಗಿದುವೆ ಆದೆಯೋ ಹಾಗೇ ಇದ್ದೀಯೋ ಎಂದ. ಅದೇ ಮಾವ.

ನಾನು ಹೇಳಬೇಕಾದದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. ನಲವತ್ತೊಂದು ಸಲ ಕರೆದೆ ಮಾವ, ಯಾರಿಗೂ ಕೇಳಿಸಲಿಲ್ಲ, ಆಸ್ಪತ್ರೆಗೆ ಬರಲು ಮುಖ ಇರಲಿಲ್ಲ ಎಂದೆ.

"ಯಾರಿಗೂ ಕೇಳಿಸಲಿಲ್ಲ ಅಂತ ಯಾರು ಹೇಳಿದ್ದು ನಿಂಗೆ?" ಎಂದ.

ಕ್ಯಾಬಿನ್ನಿನಲ್ಲಿ ಅವನ ಸೆಟ್ಟು ಚಾಲೂ ಇತ್ತಂತೆ. ಮೈಕಿನ ವೈರು ಕಿತ್ತುಹೋಗಿತ್ತು, ಉತ್ತರ ಕೊಡಲಾಗುತ್ತಿರಲಿಲ್ಲ. ಆದರೆ ನಾನು ಕರೆದದ್ದೆಲ್ಲ ಅವನಿಗೆ ಸ್ಪಷ್ಟ ಕೇಳಿಸಿತ್ತು, ಒಂದೂ ಬಿಡದೆ. ಹತ್ತಿರ ಇದ್ದವಳು ನಾನು, ಬೇರೆಯವರೆಲ್ಲ ದೂರ. ದೂರದವರಿಗೆ ಬರೀ ಗದ್ದಲ ಕೇಳುವಾಗ ಹತ್ತಿರದವರಿಗೆ ಹತ್ತಿರದ ದನಿಯೇ ಮೇಲೆದ್ದು ಕೇಳುತ್ತದೆ. ಇದು ನನಗೆ ಗೊತ್ತಿರದ ವಿಷಯವೇನಲ್ಲ. ಇಪ್ಪತ್ತೆರಡು ವರ್ಷ ಮಾಡಿದ ಕೆಲಸ. ಆದರೂ ಒಮ್ಮೆಯೂ ಹೊಳೆಯಲಿಲ್ಲ.

"ಕಣ್ಣು ಮುಚ್ತಾ ಬರೋದು, ಅಷ್ಟರಲ್ಲಿ ನೀನು ಕರಿಯೋದು," ಎಂದ. "ಒಂದ್ಸಲ ಗುಂಡಿ ಬಿಡೋದು ಮರೆತು ಯಾರನ್ನೋ ಬಾಯಿಗೆ ಬಂದ ಹಾಗೆ ಬೈದೆ. ಇಷ್ಟೊಳ್ಳೆ ಹುಡುಗಿ ಇದನ್ನೆಲ್ಲ ಎಲ್ಲಿ ಕಲಿತಳಪ್ಪಾ ಅಂತ ಅಲ್ಲೇ ನಗು ಬಂತು. ನಗೋಕೆ ಹೋಗಿ ಎಚ್ಚರ ಆಗ್ಬಿಡ್ತು. ನೀನು ಸುಮ್ನಾಗಿದ್ರೆ ನಾನು ಅವತ್ತೇ ಮಲಗಿಬಿಡ್ತಿದ್ದೆ."

ಆ ಕಡೆ ಗೇರು ಮತ್ತೆ ಗರಗರ ಎಂದಿತು.

"ಇದೀಯಾ?" ಎಂದ.

ಇದ್ದೀನಿ ಮಾವ ಎಂದೆ.

ಆಮೇಲೆ ಮುಕ್ಕಾಲು ಗಂಟೆ ಮಾತಾಡಿದೆವು. ಹೆಚ್ಚಿನಂಶ ನಾನೇ ಮಾತಾಡಿದೆ ಅಂತ ಕಾಣುತ್ತದೆ. ನಮ್ಮ ರೇಡಿಯೊದ ವಿಷಯವೇ ಇಪ್ಪತ್ತು ನಿಮಿಷ ಹಿಡಿಯಿತು.